ಹನ್ನೊಂದು ಗೋಡೆಗಳ ಮೇಲೆ ರುಕ್ಮವ್ವನ ಕಣ್ಣು

"ಈ ಕಣ್ಣು ಯಾರವು?"

ಬಾಗಿಲಲ್ಲಿ ನಿಂತವನ ಮಾತಿಗೆ ಕಸ್ತೂರಿಯ ಕೈಯಲ್ಲಿದ್ದ ಕುಂಚ ಗಕ್ಕನೆ ನಿಂತಿತು. ಎದುರಿನ ಕಾಗದದ ಮೇಲೆ ಸತ್ತ ಮುದುಕನೊಬ್ಬನ ಎಡಗಣ್ಣು ಮುಗಿದಿತ್ತು. ಬಲಗಣ್ಣು ಇನ್ನೂ ಬರೀ ಬಿಳುಪು.

ಅವಳು ತಲೆ ಎತ್ತಿದಳು. ಹೆಗಲ ಮೇಲೆ ದೊಡ್ಡ ವಿಡಿಯೋ ಕ್ಯಾಮೆರಾ, ಬೆವರಿಗೆ ಅಂಟಿದ ಅಂಗಿ, ನಿದ್ದೆಯಿಲ್ಲದ ಮುಖ. ಕಾಗದದ ಮೇಲಿನ ಆ ಒಂದೇ ಕಣ್ಣನ್ನು ಅವನು ಹಳೆಯ ಪರಿಚಯದವರನ್ನು ನೋಡುವಂತೆ ನೋಡುತ್ತಿದ್ದ.

"ಯಾರ್ರಿ ನೀವು?"

"ಜ್ಞಾನದೇವ. ಚಿಕ್ಕೋಡಿಯವ. ಮದವಿ ವಿಡಿಯೋ ತಗೀತೇನಿ." ಅವನು ಒಳಗೆ ಬರಲಿಲ್ಲ. "ಈ ವರ್ಷ ಹನ್ನೊಂದು ಮನಿ ಆದವು. ರಾಯಬಾಗ, ಅಥಣಿ, ಕಾಗವಾಡ, ಉಗಾರ... ಮದುಮಕ್ಕಳು ತೀರಿಹೋದ ಹಿರ್ಯಾರ ಫೋಟೋಕ್ಕ ಕೈ ಮುಗೀತಾರಲ್ರಿ, ಆವಾಗ ನಾನೂ ಕ್ಯಾಮೆರಾ ಗ್ವಾಡಿಗೆ ಎತ್ತಬೇಕು. ಒಂದು ಮನ್ಯಾಗ ಪೈಲವಾನ. ಒಂದು ಮನ್ಯಾಗ ಹಲ್ಲಿಲ್ಲದ ಮುದುಕಿ. ಒಂದು ಕಡೆ ಊರಗೌಡ. ಊರು ಬ್ಯಾರೆ, ಜಾತಿ ಬ್ಯಾರೆ. ಕಣ್ಣು ಮಾತ್ರ ಅವ ಎರಡು. ಎಲ್ಲಾದರ ಮೂಲ್ಯಾಗೂ ಸಣ್ಣದಾಗಿ 'ಕಸ್ತೂರಿ, ನಿಪ್ಪಾಣಿ' ಅಂತ ಬರದೈತಿ. ನನಗ ನಿದ್ದಿ ಹತ್ತವಲ್ದ್ರಿ."

ಹೊಸ್ತಿಲ ಪಕ್ಕ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದ ನೆರೆಮನೆಯ ಹಮೀದಾಬಿ ತಲೆ ಎತ್ತದೆ ಹೇಳಿದಳು. "ನಿದ್ದಿ ಹತ್ತಲಿಲ್ಲಂದ್ರ ಡಾಕ್ಟರ್ ಕಡೆ ಹೋಗಪಾ. ಇದು ಆರ್ಟಿಸ್ಟ್ ಅಂಗಡಿ."

ಕಸ್ತೂರಿ ನಗಲಿಲ್ಲ. ನಾಲ್ಕು ವರ್ಷ... ಯಾರಿಗೂ ಗೊತ್ತಾಗಿರಲಿಲ್ಲ. ಒಂದು ಮನೆಯವರು ಇನ್ನೊಂದು ಮನೆಯ ಗೋಡೆಯನ್ನು ಹೀಗೆ ದಿಟ್ಟಿಸಿ ನೋಡುವುದಿಲ್ಲ. ಎಲ್ಲ ಮನೆ ಹೊಕ್ಕು ಬರುವ ಇಂಥವನೊಬ್ಬ ಇರುತ್ತಾನೆ ಅಂತ ಅವಳು ಎಣಿಸಿರಲಿಲ್ಲ.

"ಕೈ ರೂಢಿರಿ. ಒಂದ ಥರಾ ಬರ್ತಾವ."

"ಕೈ ರೂಢಿ ಆಗಿದ್ರ ಮೂಗೂ ಒಂದ ಥರಾ ಬರತಿತ್ತು," ಅಂದ ಅವನು ಮೆಲ್ಲಗೆ.

ಅವಳು ಕುಂಚವನ್ನು ನೀರಿಗೆ ಅದ್ದಿದಳು. ಅವನು ಒತ್ತಿ ಕೇಳಲಿಲ್ಲ. ಚೀಲದಿಂದ ಕಪ್ಪು ರಟ್ಟಿನ ಹಾಳೆಗಳನ್ನು ತೆಗೆದು ಹೊಸ್ತಿಲ ಮೇಲಿಟ್ಟ.

"ನನ್ನ ಕ್ಯಾಸೆಟ್ಟಿಗೆ ಟೈಟಲ್ ಬರೀತೀರೇನ್ರಿ? ಕಣ್ಣಿನ ಮಾತು ಬ್ಯಾಡಂದ್ರ ಬ್ಯಾಡ."

* * *

ತೊಂಬತ್ತೆರಡರ ನಿಪ್ಪಾಣಿ. ಊರ ಗಾಳಿಯಲ್ಲೇ ತಂಬಾಕಿನ ಘಾಟು. ಹೊಸಬರು ಸೀನುತ್ತಾರೆ. ಹುಟ್ಟಿದವರಿಗೆ ಅದೇ ಉಸಿರು.

ಕಸ್ತೂರಿ ಯಾವ ಪ್ರೆಸ್ಸಿನಲ್ಲೂ ನೌಕರಿಗಿರಲಿಲ್ಲ. ತಂಬಾಕು ಗೋದಾಮುಗಳ ಸಾಲಿನ ವಖಾರಿ ಓಣಿಯಲ್ಲಿ ಒಂದು ಖೋಲಿ, ಒಂದು ಮೇಜು, ಕುಂಚಗಳ ಡಬ್ಬಿ. ಬೀಡಿ ಕಟ್ಟಿನ ಲೇಬಲ್ಲಿಗೆ ನವಿಲು, ಲಗ್ನಪತ್ರಿಕೆಗೆ ಗಣಪತಿ, ಟಾಕೀಜಿನ ಇಂಟರ್ವಲ್ಲಿನಲ್ಲಿ ತೋರಿಸುವ ಗಾಜಿನ ಸ್ಲೈಡಿಗೆ ಬಟ್ಟೆ ಅಂಗಡಿ, ಮಂಗಸೂಳಿ ಜಾತ್ರೆಗೆ ಹೋಗುವ ಟೆಂಪೋದ ಬೆನ್ನಿಗೆ ಮಲ್ಲಯ್ಯನ ಕುದುರೆ, ಬೀಡಿ ಹೆಣ್ಣುಮಕ್ಕಳ ಮೆರವಣಿಗೆಗೆ ಕೆಂಪು ಬ್ಯಾನರು. ಕನ್ನಡ ಬೇಕೋ ಮರಾಠಿ ಬೇಕೋ, ಅವಳ ಕೈಗೆ ಎರಡೂ ಒಂದೇ.

ಆದರೆ ಹೆಸರು ತಂದದ್ದು ಸತ್ತವರ ಕೆಲಸ.

ಬದುಕಿದ್ದಾಗ ಒಂದು ಫೋಟೋ ತೆಗೆಸದವರು ಎಷ್ಟೋ ಜನ. ಜೀವ ಹೋದ ಮೇಲೆ ಕುರ್ಚಿಗೆ ಆನಿಸಿ, ತಲೆಗೆ ಪಟಗಾ ಸುತ್ತಿ, ಒಂದು ಫೋಟೋ ತೆಗೆಸುತ್ತಾರೆ. ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿಕೊಡುತ್ತಾನೆ. ಮುಚ್ಚಿದ ಕಣ್ಣು ತೆರೆಸುವ ಕೆಲಸ ಕಸ್ತೂರಿಯದು. ಕಣ್ಣು ತೆರೆದ ಮೇಲೆಯೇ ಆ ಫೋಟೋ ಗೋಡೆ ಏರಬೇಕು, ಹಾರ ಹಾಕಿಸಿಕೊಳ್ಳಬೇಕು.

ಮೊದಲು ಬಂದದ್ದು ರಾವಸಾಹೇಬರ ಫೋಟೋ. ಊರಿನ ದೊಡ್ಡ ವಖಾರಿಯ ಯಜಮಾನ, ಆದರೆ ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆ ಅಂತ ನಂಬಿದವ. ಆ ಹೆಸರು ಕಸ್ತೂರಿಗೆ ಹೊಸದಲ್ಲ. ಅವಳ ಅವ್ವ ರುಕ್ಮವ್ವ ಆ ವಖಾರಿಯಲ್ಲೇ ತಂಬಾಕು ಬಡಿದು, ಸಾಣಿಸಿ, ಕೆಮ್ಮಿ ಕೆಮ್ಮಿ ಸತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರಲಿಲ್ಲ. ಹೆಸರಿಲ್ಲದವಳು ಅಲ್ಲಿ ಸಾಯುವುದಾದರೂ ಹೇಗೆ? ಕಾಗದದ ಪ್ರಕಾರ ಅವಳು ಸತ್ತೇ ಇಲ್ಲ. ಕುರ್ಚಿಗೆ ಆನಿಸಿ ಫೋಟೋ ತೆಗೆಸುವವರೂ ಯಾರೂ ಇರಲಿಲ್ಲ.

ಆಗ ಕಸ್ತೂರಿಗೆ ಏಳು ವರ್ಷ. ಧೂಳಿಗೆ ಅಂಜಿ ಮೂಗು ಬಾಯಿಗೆ ಬಟ್ಟೆ ಬಿಗಿದು ಹೋಗುತ್ತಿದ್ದ ಅವ್ವ, ಹಾಗೇ ಬಟ್ಟೆ ಬಿಗಿದೇ ಬರುತ್ತಿದ್ದಳು. ಮಗಳ ನೆನಪಿನಲ್ಲಿ ಉಳಿದದ್ದು ಆ ಬಟ್ಟೆಯ ಮೇಲಿನ ಎರಡು ಕಣ್ಣು ಮಾತ್ರ.

ಆ ಎರಡು ಕಣ್ಣನ್ನು ಅವಳು ರಾವಸಾಹೇಬರ ಮುಖದಲ್ಲಿ ತೆರೆದಳು. ದಿನಾ ಬೆಳಿಗ್ಗೆ ಅವನ ಮಗ ಊದಿನಕಡ್ಡಿ ಹಚ್ಚಲಿ. ನನ್ನವ್ವನ ಕಣ್ಣಿಗೆ ಹಚ್ಚಲಿ!

ಸಿಟ್ಟಿನಿಂದ ಒಮ್ಮೆ ಮಾಡಿದ್ದು... ಆಮೇಲೆ ಕೈ ಬೇರೆ ಕಣ್ಣು ಬರೆಯಲೇ ಇಲ್ಲ. ಯಾರ ಮುಖ ಬಂದರೂ ಅವ್ವನೇ ತೆರೆದು ನೋಡುತ್ತಿದ್ದಳು. ಮೀಸೆಯ ಮೇಲಿಂದ, ಕುಂಕುಮದ ಕೆಳಗಿಂದ, ಪಟಗಾದ ನೆರಳಿನಿಂದ. ಯಾವ ಮನೆಗೆ ಹೋದರೂ ಗೋಡೆಯ ಕಡೆ ನೋಡಲು ಕಸ್ತೂರಿಗೆ ಭಯ. ನೋಡದೆ ಬರಲು ಸಂಕಟ.

* * *

ಜ್ಞಾನದೇವ ವಾರಕ್ಕೊಮ್ಮೆ ಕೆಂಪು ಬಸ್ಸಿನಲ್ಲಿ ಬರತೊಡಗಿದ.

ಕಪ್ಪು ರಟ್ಟಿನ ಮೇಲೆ ಅವಳು ಬಿಳಿ ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದಳು. 'ಶುಭವಿವಾಹ'. ಹುಡುಗನ ಹೆಸರು, ಹುಡುಗಿಯ ಹೆಸರು, ಬಂಧುಮಿತ್ರರು. ಅವನು ಕ್ಯಾಮೆರಾ ಹಿಡಿದಾಗ ಅವಳೇ ಒಂದೊಂದು ರಟ್ಟು ಸರಿಸಬೇಕು. ಮೊದಲ ಕ್ಯಾಸೆಟ್ಟಿನಲ್ಲಿ ಅವಳ ಹೆಬ್ಬೆರಳು ಬಿದ್ದುಬಿಟ್ಟಿತು.

"ಅಯ್ಯ, ಅದನ್ನ ತಗೀರಿ."

"ಇರಲಿ ಬಿಡ್ರಿ. ಬೀಗರಿಗೆ ಅದು ಯಾರ ಕೈ ಅಂತ ಗೊತ್ತಾಗೂದಿಲ್ಲ. ನನಗೊಬ್ಬಂಗ ಗೊತ್ತಾಗತೈತಿ."

ಕಸ್ತೂರಿ ತಲೆ ತಗ್ಗಿಸಿದಳು. ಹಮೀದಾಬಿ ಎಲೆ ಕತ್ತರಿಸುತ್ತಲೇ ಗೊಣಗಿದಳು. "ಹನ್ನೊಂದು ಮನಿ ಫೋಟೋ ನೋಡಿ ನಿದ್ದಿ ಬಿಟ್ಟಾಂವ, ಈಗ ಒಂದು ಬೆರಳು ನೋಡಿ ಊಟಾ ಬಿಡಾಂವ ಅದಾನ."

ಆ ದಿನ ಕಸ್ತೂರಿಯ ಎರಡೂ ಕೈಗೆ ಬಿಳಿ ಬಣ್ಣ ಮೆತ್ತಿತ್ತು. ನಗು ಬಂದಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದು ಅವಳ ರೂಢಿ. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತಲ್ಲ, ಅದಕ್ಕೆ. ಅಂದು ಸೆರಗು ಮುಟ್ಟುವ ಹಾಗಿರಲಿಲ್ಲ. ಬಾಯಿ ಬಿಟ್ಟು ನಕ್ಕಳು... ತಿರುಗಿದರೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

"ಏನ್ ಮಾಡಾಕತ್ತೀರಿ?"

"ಕ್ಯಾಮೆರಾದ ಬಣ್ಣ ಸರಿ ಮಾಡ್ಕೊಳ್ಳಾಕತ್ತೇನ್ರಿ."

"ಸುಳ್ಳ."

"ಹೌದ್ರಿ, ಸುಳ್ಳ."

ಒಂದು ಮಧ್ಯಾಹ್ನ ಕರೆಂಟು ಹೋದಾಗ, ಬಾಗಿಲ ಬೆಳಕಿಗೆ ಕೂತು, ಕಸ್ತೂರಿ ತಾನಾಗಿಯೇ ಹೇಳಿಬಿಟ್ಟಳು. ಅವ್ವ, ವಖಾರಿ, ಬಟ್ಟೆ, ರಾವಸಾಹೇಬ. ಎಲ್ಲ.

ಜ್ಞಾನದೇವ ಖಾಲಿ ಕಾಗದವೊಂದನ್ನು ಅವಳತ್ತ ಸರಿಸಿದ. "ಅವ್ವನ ಮಾರಿನ ಪೂರ್ತಿ ಯಾಕ ಬರೀಬಾರದು?"

"ಕಣ್ಣ ಕೆಳಗ ನನಗ ಬಟ್ಟಿ ಅಷ್ಟ ಕಾಣತೈತ್ರಿ." ಅವಳ ದನಿ ಸಣ್ಣದಾಯಿತು. "ಖರೇ ಹೇಳ್ಬೇಕಂದ್ರ... ಕಣ್ಣಾದ್ರೂ ಅವ್ವನವ ಹೌದೋ ಅಲ್ಲೋ ಗೊತ್ತಿಲ್ಲ. ಏಳು ವರ್ಷದ ಹುಡುಗಿ ನೆನಪು. ನಾನ ಹುಟ್ಟಿಸಿಕೊಂಡೇನೋ ಏನೋ. ಹೌದಂತ ಹೇಳಾಕ ಯಾರದಾರ? ಹಮೀದಾಬಿ ಚಾಚಿ ಈ ಓಣಿಗೆ ಬಂದದ್ದ ಆಮೇಲೆ."

ಅವ್ವ ಇದ್ದಳು ಅನ್ನಲು ಲೋಕದಲ್ಲಿ ಉಳಿದ ಗುರುತು ಅದೊಂದೇ. ಅದೂ ಸುಳ್ಳಾಗಿದ್ದರೆ?

"ಯಾರಿಗೂ ಹೇಳಬ್ಯಾಡ್ರಿ."

"ಹೇಳೂದಿಲ್ಲ," ಅಂದ ಜ್ಞಾನದೇವ.

* * *

ರಾವಸಾಹೇಬರ ಮೊಮ್ಮಗಳ ಮದುವೆ ಆಯಿತು. ವಿಡಿಯೋ ಜ್ಞಾನದೇವನದೇ. ಆದ ಹದಿನೈದು ದಿನಕ್ಕೆ ಆ ಮನೆಯ ದಿವಾನಜಿ ಧರೆಪ್ಪ ಕಸ್ತೂರಿಯ ಬಾಗಿಲಿಗೆ ಬಂದ. ಒಳಗೆ ಕಾಲಿಡದೆ, ಮೂಗಿಗೆ ಟವೆಲು ಹಿಡಿದು ನಿಂತ.

"ಸಾಹೇಬ್ರು ಕರದಾರ. ದೊಡ್ಡ ಸಾಹೇಬ್ರ ಫೋಟೋದಾಗಿನ ಕಣ್ಣು ಅವರವು ಅಲ್ಲಂತ. ಸಾಹೇಬ್ರ ತಾಯಿ, ನಮ್ಮ ಆಯಿ, ಟಿವಿಯೊಳಗ ಮದವಿ ಕ್ಯಾಸೆಟ್ ನೋಡಿದಾಗಿಂದ ಊಟಾ ಬಿಟ್ಟಾರ. ನಾಳೆ ಬಣ್ಣ ಗಿಣ್ಣ ತಗೊಂಡ ಬಾ."

ಅವನು ಹೋದ ಮೇಲೂ ಕಸ್ತೂರಿ ನಿಂತೇ ಇದ್ದಳು. ನಾಲ್ಕು ವರ್ಷ ಗೋಡೆಯ ಮೇಲೆ ಕಾಣದ್ದು ಟಿವಿಯಲ್ಲಿ ಹೇಗೆ ಕಂಡಿತು, ಯಾರೋ ಹೇಳದೆ? ಈ ಗುಟ್ಟು ಹೇಳಿದ್ದು ಒಬ್ಬನಿಗೆ. ಒಬ್ಬನೇ ಒಬ್ಬನಿಗೆ...

ಸಂಜೆಯ ಬಸ್ಸಿಗೆ ಜ್ಞಾನದೇವ ಬಂದ. ಕೈಯಲ್ಲಿ ಹೊಸ ರಟ್ಟು, ಮುಖದಲ್ಲಿ ನಗು.

"ಹೊರಗ ನಿಲ್ರಿ," ಅಂದಳು.

"ಏನಾತ್ರಿ?"

"ದೊಡ್ಡ ಮನ್ಯಾಗ ಊಟಾ ಚಲೋ ಹಾಕಿದ್ರೇನು? ಊಟದ ಋಣಕ್ಕ ನನ್ನವ್ವನ್ನ ಒಪ್ಪಿಸಿ ಬಂದ್ರಿ."

ಅವನ ನಗು ಆರಿತು. ಅವಳು ಧರೆಪ್ಪನ ಮಾತು ಹೇಳಿದಳು.

"ನಾ ಹೇಳಿಲ್ಲ, ಕಸ್ತೂರಿ."

"ಮತ್ತ ಯಾರು? ಗ್ವಾಡಿ ಹೇಳಿತೇನು?"

"ಆ ಕಣ್ಣಿನ ಮ್ಯಾಲೆ ಕ್ಯಾಮೆರಾ ನಿಲ್ಲಿಸಿದ್ದು ನಾನ. ಸರಿಸಾಕ ಮನಸ್ಸಾಗಲಿಲ್ಲ. ಅಷ್ಟ ತಪ್ಪು ನಂದು."

ಅವಳಿಗೆ ಕೇಳಿಸಿದ್ದು 'ತಪ್ಪು ನಂದು' ಅನ್ನುವುದಷ್ಟೇ.

"ಇನ್ನ ಬರಬ್ಯಾಡ್ರಿ."

ಅವನು ತಿರುಗಿ ನಡೆದ. ಹಮೀದಾಬಿ ಮೊದಲ ಬಾರಿಗೆ ಬೀಡಿ ಸುತ್ತುವುದು ನಿಲ್ಲಿಸಿ ಅವನ ಬೆನ್ನನ್ನೇ ನೋಡಿದಳು. "ಮಾರಿಕೊಂಡಾಂವ ಹಿಂಗ ನಡ್ಯಾಂಗಿಲ್ಲ, ಬೇಟಿ."

ಕಸ್ತೂರಿ ಬಾಗಿಲು ಮುಚ್ಚಿದಳು.

* * *

ಮರುದಿನ ದೊಡ್ಡ ಮನೆಯ ಪಡಸಾಲೆಯಲ್ಲಿ ಆ ಫೋಟೋ ಗೋಡೆಯಿಂದ ಇಳಿದು ಕುರ್ಚಿಯ ಮೇಲೆ ಕೂತಿತ್ತು. ಹಾರ ತೆಗೆದಿದ್ದರು. ರಾವಸಾಹೇಬರ ದಪ್ಪ ಮೀಸೆಯ ಮೇಲಿಂದ ರುಕ್ಮವ್ವನ ಕಣ್ಣು ಮಗಳನ್ನು ನೋಡಿತು.

ರಾವಸಾಹೇಬರ ಮಗ ಕಾಕಾಸಾಹೇಬ ಎದ್ದು ನಿಂತ. "ನಮ್ಮಪ್ಪಗ ಯಾರ ಕಣ್ಣು ಹಚ್ಚೀಯವಾ? ಇಲ್ಲೇ ಕೂತು ಬದಲ ಮಾಡು. ಇಲ್ಲಾಂದ್ರ ಐದು ತಾಲೂಕಿನ್ಯಾಗ ನಿನ್ನ ಕೈಗೆ ಯಾರೂ ಕೆಲಸ ಕೊಡದಂಗ ಮಾಡ್ತೇನಿ."

ಕಸ್ತೂರಿಗೆ ಅಂಜಿಕೆ ಆಗಬೇಕಿತ್ತು. ಆಗಲಿಲ್ಲ. ನಾಲ್ಕು ವರ್ಷದ ಕೆಂಡ ನಾಲಿಗೆಗೆ ಬಂತು.

"ಮಾಡ್ತೇನ್ರಿ. ನಿಮ್ಮಪ್ಪಾರ ಕಣ್ಣು ಹೆಂಗಿದ್ದವು, ಹೇಳ್ರಿ."

"ಹೆಂಗಂದ್ರ?"

"ಸಣ್ಣವೋ, ದೊಡ್ಡವೋ? ಒಳಗ ಹೋಗಿದ್ದವೋ? ರೆಪ್ಪಿ ಜೋತು ಬಿದ್ದಿತ್ತೋ? ನಾಲ್ಕು ವರ್ಷ ದಿನಾ ಬೆಳಿಗ್ಗೆ ಕೈ ಮುಗದೀರಿ. ನಿಮಗ ಗೊತ್ತಾಗ್ಲಿಲ್ಲಲ್ಲ."

ಕಾಕಾಸಾಹೇಬ ಫೋಟೋದ ಕಡೆ ತಿರುಗಿದ, ಮತ್ತೆ ನೆಲ ನೋಡಿದ. ತಂದೆಯ ಕಣ್ಣು ಎತ್ತಿ ನೋಡುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

"ಹೊರಗ ಹೋಗು, ಕಾಕಾ."

ಒಳಬಾಗಿಲಲ್ಲಿ ಅವನ ತಾಯಿ ಚನ್ನವ್ವ ನಿಂತಿದ್ದಳು. ಎಂಬತ್ತರ ಮುದುಕಿ, ಕಣ್ಣಿನಲ್ಲಿ ಪೊರೆ. ಮಗ ಹೋದ ಮೇಲೆ ಗೋಡೆ ಹಿಡಿದು ಬಂದು, ಕಸ್ತೂರಿಯ ಎದುರು ನೆಲದ ಮೇಲೇ ಕೂತಳು.

"ಗ್ವಾಡಿ ಮ್ಯಾಲಿದ್ದಾಗ ನನಗ ಕಂಡಿರಲಿಲ್ಲ. ಎತ್ತರ, ಮ್ಯಾಲೆ ಹಾರ. ಆ ವಿಡಿಯೋ ಹುಡುಗ ಅದನ್ನ ಹಿಡದು ನಿಂತುಬಿಟ್ಟಾನ. ಟಿವಿ ತುಂಬ ಕಣ್ಣು, ತಾಟಿನಷ್ಟು ದೊಡ್ಡವು... ನಾ ಮಾರು ದೂರದಾಗ ಕುಂತಿದ್ದೆ." ಮುದುಕಿ ನೆಲದ ಮೇಲೆ ಕೈಯೂರಿದಳು. "ರುಕ್ಮಿ ಕಣ್ಣು."

ಕಸ್ತೂರಿ ಮುದುಕಿಯ ಹತ್ತಿರ ಸರಿದಳು.

"ವಿಡಿಯೋದವ ಹೇಳಿದ್ನೇನ್ರಿ?"

"ಅಂವ ಏನ ಹೇಳ್ತಾನ? ನಾನ ಕಂಡೇನಲ್ಲವಾ. ಲಾರಿ ತುಂಬೂ ದಿನ ಆಕಿ ಕೆಮ್ಮಿ ಬಿದ್ಲು. ಲಾರಿ ಹೋಗೂತನಕ ಯಾರೂ ಕೆಲಸಾ ಬಿಡಬಾರದು ಅಂತ ಇವರು ವಖಾರಿ ಬಾಗಲಾ ಹಾಕಿಸಿದ್ರು. ನಾ ಹಿತ್ತಲ ಕಿಡಕಿಯಿಂದ ನೋಡ್ದೆ. ಚೀಲದ ಸಾಲಿನ ನಡುವ ಬಿದ್ದು ನನ್ನ ನೋಡಿದ್ಲು. ನೀರು ಬೇಡಿದ್ಲು. ಇವರಿಗೆ ಅಂಜಿ ನಾ ಕಿಡಕಿ ಹಾಕಿದೆ." ಚನ್ನವ್ವ ಫೋಟೋದ ಕಡೆ ತಿರುಗಲಿಲ್ಲ. "ಆ ಕಣ್ಣು ನಾ ಮರೀತೇನೇನು? ನೀ ಆಕಿ ಮಗಳಲ್ಲ?"

ಕಸ್ತೂರಿಗೆ ಕಿಡಕಿ ಹಾಕಿದ ಆ ಕೈಯನ್ನು ಹಿಡಿದು ಮುರಿಯಬೇಕು ಅನ್ನಿಸಿತು. ಆದರೆ ಇಪ್ಪತ್ತು ವರ್ಷದಿಂದ ಅವಳು ಹುಡುಕುತ್ತಿದ್ದ ಒಂದೇ ಒಂದು ಸಾಕ್ಷಿಯೂ ಆ ಕೈಯದೇ ಆಗಿತ್ತು.

ಹೌದು. ಅವ್ವನವೇ. ಸುಳ್ಳಲ್ಲ.

"ಬರೇ ಅಳಸಿ ಬಿಡಬ್ಯಾಡ ಅವನ್ನ," ಅಂದಳು ಚನ್ನವ್ವ. "ನಿನ್ನ ಸಿಟ್ಟು ನನಗ ತಿಳೀತೈತಿ. ಆದರ ಒಂದು ಕೇಳು. ಆಕಿನ್ನ ಕೊಂದವನ ಮಾರಿಯೊಳಗ ಆಕಿನ್ನ ಇಟ್ಟೀಯಲ್ಲ ತಂಗಿ... ಸತ್ತ ಮ್ಯಾಲೂ ಇವನ ಮನ್ಯಾಗ ದುಡೀಬೇಕೇನು ಆಕಿ? ಬಿಡಿಸಿ ಒಯ್ಯಿ."

ಕಸ್ತೂರಿ ಫೋಟೋದ ಕಡೆ ತಿರುಗಿದಳು. ಅವ್ವನನ್ನು ಮೇಲಿಟ್ಟಿದ್ದೇನೆ ಅಂದುಕೊಂಡಿದ್ದಳು. ಕೂಡಿಹಾಕಿದ್ದಳು. ಇಲ್ಲಿ, ಮತ್ತೆ ಆ ಹನ್ನೊಂದು ಮನೆಯಲ್ಲಿ, ಯಾರದೋ ಮುಖದ ಹಿಂದೆ.

"ಒಯ್ದು ಎಲ್ಲಿ ಇಡ್ಲಿ? ಅವ್ವನ ಬಾಯಿ ಗೊತ್ತಿಲ್ರಿ ನನಗ," ಅಂದಳು ಅಳುತ್ತ. "ಬಟ್ಟಿ ಅಷ್ಟ ಕಾಣತೈತಿ."

"ನಮ್ಮ ಹಿತ್ತಲದಾಗ ನೀರು ಕುಡಿಯಾಕ ಬಟ್ಟಿ ಇಳಸತಿದ್ಲು. ಮುಂದಿನ ಎರಡು ಹಲ್ಲಿನ ನಡುವ ಸಂದು. ನಕ್ಕರ ಸೆರಗು ಹಿಡಕೊಳ್ಳಾಕಿ." ಮುದುಕಿ ಪೊರೆಗಣ್ಣಿನಿಂದ ಅವಳನ್ನೇ ನೋಡಿದಳು. "ಈಗ ನೀ ಹಿಡಕೊಂಡೀಯಲ್ಲ, ಹಿಂಗ."

* * *

ಚಿಕ್ಕೋಡಿಯ ಆ ಸಣ್ಣ ಅಂಗಡಿಯಲ್ಲಿ ಎರಡು ವಿಸಿಆರ್, ಒಂದು ಟಿವಿ. ಜ್ಞಾನದೇವ ಯಾವುದೋ ಮದುವೆಯ ಅಕ್ಷತೆಯ ದೃಶ್ಯ ಕತ್ತರಿಸಿ ಜೋಡಿಸುತ್ತಿದ್ದ. ಬಾಗಿಲಿಗೆ ನೆರಳು ಬಿದ್ದಾಗ ತಿರುಗಿದ.

"ತಪ್ಪಾತು," ಅಂದಳು ಕಸ್ತೂರಿ. "ಹೇಳಿದ್ದು ನೀವಲ್ಲ. ಆಯಿ ತಾವ ಗುರುತು ಹಿಡದಾರ."

"ನನ್ನಿಂದನ ಕಂಡದ್ದು ಹೌದಲ್ಲ."

"ನಿಮ್ಮಿಂದನ ಅವ್ವ ಖರೇ ಆದ್ಲು." ಮುದುಕಿ ಹೇಳಿದ್ದನ್ನೆಲ್ಲ ಅವಳು ನಿಂತೇ ಹೇಳಿದಳು. ಕಿಡಕಿಯ ಮಾತಿಗೆ ಜ್ಞಾನದೇವನ ಮುಷ್ಟಿ ಬಿಗಿಯಿತು. ಹಲ್ಲಿನ ಮಾತಿಗೆ ಸಡಿಲವಾಯಿತು.

"ಒಂದು ಬೇಡಿ ಬಂದೇನ್ರಿ. ನಾ ನಕ್ಕಿದ್ದು... ಆ ಕ್ಯಾಸೆಟ್ ಐತೇನು? ಅಳಸೀರೇನು?"

ಅವನು ಮೇಜಿನ ಖಾನೆ ಎಳೆದ. ಹೆಸರು ಬರೆಯದ ಒಂದೇ ಕ್ಯಾಸೆಟ್ ಅಲ್ಲಿತ್ತು.

ಟಿವಿಯಲ್ಲಿ ಅವಳ ಖೋಲಿ ಬಂತು. ಹಮೀದಾಬಿಯ ದನಿ ಬಂತು. ಆಮೇಲೆ ಎರಡು ಬಿಳಿ ಕೈ ಗಾಳಿಯಲ್ಲಿ ಹಿಡಿದು, ಬಾಯಿ ತುಂಬ ನಗುವ ಹೆಣ್ಣು. ಅವನು ಪಾಜ್ ಗುಂಡಿ ಒತ್ತಿದ. ಗೆರೆಗೆರೆಯಾಗಿ ನಡುಗುತ್ತ ಆ ನಗು ನಿಂತಿತು.

ಅವೇ ಕಣ್ಣು. ಕೆಳಗೆ ಬಟ್ಟೆ ಇಲ್ಲ.

"ಅವ್ವ," ಅಂದಳು ಕಸ್ತೂರಿ.

ಅವನು ಕುರ್ಚಿ ಎಳೆದುಕೊಟ್ಟ. ಅವಳು ಚೀಲದಿಂದ ಕಾಗದ ತೆಗೆದಳು. ಟಿವಿ ನಡುಗುತ್ತಿತ್ತು, ಕೈ ನಡುಗುತ್ತಿರಲಿಲ್ಲ. ಕೆನ್ನೆ, ತುಟಿ, ಎರಡು ಹಲ್ಲಿನ ನಡುವಿನ ಆ ಸಂದು. ಹೊತ್ತು ಇಳಿಯುವ ಮುಂಚೆ ರುಕ್ಮವ್ವ ತನ್ನದೇ ಮುಖದಲ್ಲಿ ಕಣ್ಣು ತೆರೆದು ಕೂತಿದ್ದಳು, ಬಾಯಿ ಮುಚ್ಚಿಕೊಳ್ಳದೆ.

ಕಸ್ತೂರಿ ಕುಂಚ ಕೆಳಗಿಟ್ಟಳು. "ಇನ್ನ ದೊಡ್ಡ ಮನಿಗೂ, ಆ ಹನ್ನೊಂದು ಮನಿಗೂ ಹೋಗಬೇಕ್ರಿ. ಅವರವರ ಕಣ್ಣು ಹೆಂಗಿದ್ದವಂತ ಮನಿ ಮಂದಿನ್ನ ಕೇಳಿ, ಅವರವರಿಗೆ ಕೊಟ್ಟು ಬರಬೇಕು. ಬೈಸಿಕೊಳ್ಳೂದೂ ಐತಿ."

"ನಾ ಬರ್ತೇನಿ. ಹನ್ನೊಂದೂ ಮನಿ ದಾರಿ ನನಗ ಗೊತ್ತೈತಿ."

"ಬೈಗಳದಾಗ ಪಾಲು ಬೇಕೇನ್ರಿ ನಿಮಗ?"

"ಬೈಗಳ ಅಷ್ಟ ಅಲ್ಲ," ಅಂದ ಜ್ಞಾನದೇವ. "ಎಷ್ಟೋ ಮದವಿ ತಗದೇನಿ, ಕಸ್ತೂರಿ. ಮದುಮಕ್ಕಳು ಹಿರ್ಯಾರಿಗೆ ಕೈ ಮುಗಿಯೂ ಮುಂದ ನಾನೂ ಕ್ಯಾಮೆರಾ ಹಿಂದ ಮನಸ್ಸಿನ್ಯಾಗ ಕೈ ಮುಗೀತಿದ್ದೆ. ಆ ಕಣ್ಣಿಗೆ. ಇನ್ನೊಂದ ಸಲ ಮುಗೀಬೇಕಂತ ಆಸೆ ಐತಿ. ಕ್ಯಾಮೆರಾ ಹಿಂದ ಅಲ್ಲ. ನಿಮ್ಮ ಮಗ್ಗಲಕ ನಿಂತು."

ಅವಳ ಕೈ ಸೆರಗಿಗೆ ಹೋಯಿತು. ಅರ್ಧಕ್ಕೆ ನಿಂತಿತು. ಕೈ ಇಳಿಸಿ, ಬಾಯಿ ಮುಚ್ಚದೆ ನಕ್ಕಳು.

"ಅವ್ವನ್ನ ಎಲ್ಲಿ ತೂಗ ಹಾಕೂದು? ನನ್ನ ಖೋಲಿ ಗ್ವಾಡಿ ಮಣ್ಣಿಂದು, ಮೊಳಿ ನಿಲ್ಲೂದಿಲ್ಲ."

"ನಮ್ಮ ಮನ್ಯಾಗ ಹೊಡದೇನಿ."

"ಯಾವಾಗ?"

"ನೀವು ಕಣ್ಣ ಕೆಳಗ ಬಟ್ಟಿ ಅಷ್ಟ ಕಾಣತೈತಿ ಅಂದ ದಿನ. ಮೊಳಿ ಖಾಲಿ ಐತಿ, ಬಂದು ನೋಡ್ರಿ."